ಎಪ್ಪತ್ತೆಂಟು ಕಿಲೋದ ಭಾಗಮ್ಮ

ಹೋದ ವಾರ ಸುಲೇಪೇಟದಲ್ಲಿ ಬಸ್ಸು ಕಾಯುತ್ತ ನಿಂತಿದ್ದೆ. ಹಿಂದಿನ ಓಣಿಯ ಅಂಗನವಾಡಿಯಿಂದ ಬೆಲ್ಲ ಹಾಕಿ ಹಿಟ್ಟು ಕುದಿಸುವ ವಾಸನೆ ಬಂತು. ತಳ ಸ್ವಲ್ಪ ಹೊತ್ತಿತ್ತು. ಅದರ ಜೊತೆಗೆ ಮಳೆಯಲ್ಲಿ ನೆನೆದು ಒಣಗದ ಚಾಪೆಯ ವಾಸನೆ. ಅಷ್ಟೇ ಸಾಕಾಯಿತು, ಮೂರು ವರ್ಷದ ಹಿಂದಿನ ಒಂದು ಮಳೆಗಾಲ ಇಡಿಯಾಗಿ ಬಂದು ನನ್ನ ಪಕ್ಕದಲ್ಲಿ ಕುಂತಿತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ನನ್ನ ಬಗ್ಗೆ ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಕಡಿಮೆ ಹೇಳುತ್ತಾರೆ. ಹೆಸರು ಶರಣಪ್ಪ, ಊರು ವಾಡಿ. ಮೂವತ್ತಾರು ವರ್ಷ ಟೆಲಿಫೋನ್ ಲೈನಿನ ಕೆಲಸ ಮಾಡಿದವನು. ತಗ್ಗಿನೊಳಗೆ ಕುಳಿತು ನೂರಾರು ಜೋಡಿ ತಂತಿಗಳನ್ನು ಬಣ್ಣ ನೋಡಿ ಕೂಡಿಸುತ್ತಿದ್ದೆ. ಒಂದು ಜೋಡಿಯೂ ತಪ್ಪಿದ್ದಿಲ್ಲ. ತಪ್ಪಿದ್ದು ಬೇಕೆಂದೇ ತಪ್ಪಿಸಿದ್ದು. ಶಹಾಬಾದದಲ್ಲಿ ಮಾತು ಬಿಟ್ಟಿದ್ದ ಇಬ್ಬರು ಬೀಗರಿದ್ದರು. ಅವರ ಫೋನುಗಳನ್ನು ಒಂದಕ್ಕೊಂದು ಕೂಡಿಸಿಬಿಟ್ಟೆ. ಇವನು ಎತ್ತಿದರೆ ಅವನು, ಅವನು ಎತ್ತಿದರೆ ಇವನು. ಮೂರು ದಿನ ಬೈದಾಡಿದರು, ನಾಲ್ಕನೇ ದಿನ ಕೂಡಿ ಉಂಡರು. ನನಗೆ ಮೇಲಿನವರಿಂದ ಮೆಮೊ ಬಂತು, ಬೀಗರಿಂದ ಹೋಳಿಗೆ ಬಂತು. ಮೆಮೊ ಎಲ್ಲಿಟ್ಟೆನೋ ನೆನಪಿಲ್ಲ.

ನಿವೃತ್ತಿಯಾದ ಮೇಲೆ ತಂತಿ ಹೋಯಿತು, ಚಾಷ್ಟಿ ಮಾಡುವ ಚಟ ಹೋಗಲಿಲ್ಲ. ಹೊಸ ಫೋನಿನಲ್ಲಿ ಬ್ಲೂಟೂತ್ ಪರದೆ ತೆರೆದಿಟ್ಟರೆ ಸುತ್ತಲಿನ ಫೋನುಗಳ ಹೆಸರು ನಮಗೆ ಕಾಣುತ್ತವೆ, ನಮ್ಮದು ಅವರಿಗೆ ಕಾಣುತ್ತದೆ. ಆ ಹೆಸರನ್ನು ನಮಗೆ ಬೇಕಾದಂತೆ ಬದಲಿಸಬಹುದು ಎಂದು ಗೊತ್ತಾದ ದಿನ ನನಗೆ ಮತ್ತೆ ನೌಕರಿ ಸಿಕ್ಕಂತಾಯಿತು. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಫೋನಿಗೆ ‘ಟಿ.ಸಿ. ಇದೇ ಡಬ್ಬ್ಯಾಗ ಅದಾನ’ ಎಂದು ಹೆಸರಿಡುತ್ತಿದ್ದೆ. ನಿಂತ ರೈಲಿನೊಳಗೆ ಫೋನು ನೋಡುತ್ತಿದ್ದ ಯಾವನೋ ಒಬ್ಬ ತಲೆ ಎತ್ತಿ ಆಚೀಚೆ ನೋಡಿದರೆ ನನಗೆ ಆ ದಿನದ ಊಟ ಕರಗಿದಂತೆ.

ಇಂಥ ನನ್ನನ್ನು ಆ ವರ್ಷ ಮೃಗಶಿರ ಮಳೆ ಬಿದ್ದ ವಾರ ಶೈಲಜಾ ಹುಡುಕಿಕೊಂಡು ಬಂದಳು. ನನ್ನ ಜೊತೆ ಲೈನಿನಲ್ಲಿ ಕೆಲಸ ಮಾಡಿ ತೀರಿಕೊಂಡ ಗೆಳೆಯನ ಮಗಳು. ಸೇಡಂನಲ್ಲಿ ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು, ಔಷಧಿ ಅಂಗಡಿಯವರಿಗೆ, ಟ್ಯೂಷನ್ನಿನವರಿಗೆ ಆ್ಯಪು ಮಾಡಿಕೊಡುತ್ತಿದ್ದಳು.

“ಕಾಕಾ, ನಿಮ್ಮ ವ್ಯಾನ್ ಖಾಲಿ ಅದ, ನೀವೂ ಖಾಲಿ ಅದೀರಿ. ಎರಡ ತಿಂಗಳ ನನ್ನ ಕೂಡ ತಿರಗ್ರಿ” ಅಂದಳು.

“ವ್ಯಾನ್ ಖಾಲಿ ಅದ, ಖರೇ. ನನ್ನ ತಲಿ ತುಂಬ ಅಕಲ್ ಅದ.”

“ಅದಕ್ಕೇ ಬಂದೀನಿ. ಜರಾ ಇಳಸಿ ಹಗೂರ ಮಾಡ್ಕೋರಿ.”

ಕೆಲಸ ಇಷ್ಟು. ಐದು ಅಂಗನವಾಡಿಗಳಿಗೆ ಐದು ಹೊಸ ತಕ್ಕಡಿ ಬಂದಿದ್ದವು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಒಂದೊಂದು, ಇನ್ನೊಂದು ಚಿಂಚೋಳಿ ಕಡೆ ಚಂದ್ರಂಪಳ್ಳಿ ಕೆರೆಯ ಆಚೆಗಿನ ಒಂದು ಸಣ್ಣ ಹಳ್ಳಿಗೆ. ಮುಳ್ಳಿಲ್ಲ, ಅಂಕಿ ಇಲ್ಲ, ಬರೀ ಒಂದು ಹಲಗೆ. ಅದರ ಮೇಲೆ ಕೂಸನ್ನು ಕೂಡಿಸಿದರೆ ವಜನು ತಾನಾಗಿಯೇ ಬ್ಲೂಟೂತಿನಲ್ಲಿ ಕಾರ್ಯಕರ್ತೆಯ ಫೋನಿಗೆ ಹೋಗಬೇಕು. ಅಲ್ಲಿಂದ, ನೆಟ್‌ವರ್ಕ್ ಇಲ್ಲದಿದ್ದರೂ, ಹಾಗೇ ಬ್ಲೂಟೂತಿನಲ್ಲೇ ಮೇಲ್ವಿಚಾರಕಿಯ ಫೋನಿಗೆ ಹೋಗಬೇಕು. ಹಾಗೆ ಹೋಗುವಂತೆ ಮಾಡುವ ಆ್ಯಪು ಶೈಲಜಾಳದು. ವಯಸ್ಸಿಗೆ ವಜನು ಬಹಳ ಕಡಿಮೆ ಇರುವ ಮಕ್ಕಳ ಹೆಸರು ಕೆಂಪಾಗಿ ಕಾಣುತ್ತವೆ. ಶ್ರಾವಣದಲ್ಲಿ ಒಂದು ಮಂಗಳವಾರ ಕಲಬುರಗಿಯ ಆಸ್ಪತ್ರೆಗೆ ಜೀಪು ಹೋಗುವುದು ಗೊತ್ತಾಗಿತ್ತು. ಕೆಂಪು ಹೆಸರಿನ ಮಕ್ಕಳಿಗೆ ಅದರಲ್ಲಿ ಜಾಗ, ಆಸ್ಪತ್ರೆಯಲ್ಲಿ ಹಾಸಿಗೆ.

ಮೊದಲು ದೂರದ ಹಳ್ಳಿಯನ್ನೇ ನೋಡಿ ಬರೋಣ ಎಂದು ಹೋದೆವು. ಎರೆಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಒಂದೊಂದು ಕಿಲೋ ಆಗಿತ್ತು. ಅಲ್ಲಿಯ ಕಾರ್ಯಕರ್ತೆ ಸುಜಾತಾ, ನಲವತ್ತರ ಆಸುಪಾಸು, ಮಾತಿಗೆ ನಿಂತರೆ ನನ್ನನ್ನೂ ಮೀರಿಸುವ ಹೆಣ್ಣುಮಗಳು. ಗೋಡೆಗೆ ಒರಗಿ ಕುಳಿತಿದ್ದ ಒಂದು ಹುಡುಗಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದಳು.

“ಈಕಿ ಭಾಗಮ್ಮ. ಮೂರ ವರ್ಷ ಆಗ್ಯಾವ ಅಂದ್ರ ನಂಬ್ತೀರೇನ್ರಿ? ಎತ್ತಿದ್ರ ಕೈಗೆ ಏನೂ ಹತ್ತೋದೇ ಇಲ್ಲ. ಹೋದ ತಿಂಗಳ ರಜಿಸ್ಟರ್‌ದಾಗ ಬರದು ಚಿಂಚೋಳಿಗೆ ಕಳಿಸೀನಿ. ಅದು ಅಲ್ಲೇ ಕುಂತದ, ಈಕಿ ಇಲ್ಲೇ ಕುಂತಾಳ. ಲೆಟರ್ ಇಲ್ಲದ ಕಲಬುರಗಿಗೆ ಹೋದ್ರ ಹೊಳ್ಳಿ ಕಳಸ್ತಾರ. ನಿಮ್ಮ ಫೋನ್ ಅಂದಿಂದು ಅಂದೇ ಹೇಳ್ತದ ಅಂದ್ರ ಹೇಳ್ಲಿ ನೋಡೋಣು.”

“ಹೇಳ್ತದ್ರಿ. ಜೀಪ್‌ನಾಗ ಈಕಿ ಇರ್ತಾಳ” ಅಂದಳು ಶೈಲಜಾ.

ಆ ಮಾತಿಗೆ ಭಾಗಮ್ಮನ ತಾಯಿ ರೇಣುಕಾ ಬಾಗಿಲಲ್ಲಿ ನಿಂತವಳು ಶೈಲಜಾಳ ಮುಖವನ್ನು ಬಹಳ ಹೊತ್ತು ನೋಡಿದಳು. ಸುಜಾತಾ ಇನ್ನೊಂದು ಮಾತು ಹೇಳಿದಳು: ಎಲ್ಲರೆದುರು ಕೂಸಿನ ವಜನು ತೋರಿಸಬಾರದು, ತಾಯಂದಿರು ಒಲ್ಲೆ ಅನ್ನುತ್ತಾರೆ. ಶೈಲಜಾ ಅದಕ್ಕೂ ಒಪ್ಪಿ, ವಜನು ಸೇರಿದ ಕೂಡಲೇ ಒಂದು ಹಸಿರು ಟಿಕ್ಕು ಮಾತ್ರ ಕಾಣುವಂತೆ ಮಾಡಿದಳು. ಅಂಕಿ ಇರುವುದು ಒಳಗಿನ ಪಟ್ಟಿಯಲ್ಲಿ.

ಕಷ್ಟ ಶುರುವಾದದ್ದು ಸೇಡಂನ ಅವಳ ಮೇಜಿನ ಮೇಲೇ. ತಕ್ಕಡಿಯ ಮೇಲೆ ಹನ್ನೊಂದೂವರೆ ಕಿಲೋ ಗೊಬ್ಬರದ ಚೀಲ ಇಟ್ಟರೆ ಫೋನು ಒಮ್ಮೆ ಒಂದು ಕಿಲೋ ಅನ್ನುತ್ತಿತ್ತು, ಒಮ್ಮೆ ಒಂದೂವರೆ. ನಾಲ್ಕು ದಿನ ಅವಳು ತಲೆ ಹಿಡಿದು ಕುಳಿತಳು. ಆಮೇಲೆ ಸಿಕ್ಕಿತು: ತಕ್ಕಡಿ ಅಂಕಿಯನ್ನು ಒಮ್ಮೆಗೇ ಕಳಿಸುವುದಿಲ್ಲ, ಮುರಿದು ಮುರಿದು ಕಳಿಸುತ್ತದೆ. ಮೊದಲು ಒಂದು ‘ಒಂದು’, ಅದರ ಹಿಂದೆ ‘ಒಂದು ಬಿಂದು ಐದು’. ಆ್ಯಪು ಕೈಗೆ ಸಿಕ್ಕ ಒಂದೇ ತುಣುಕನ್ನು ಪೂರ್ತಿ ಅಂಕಿ ಎಂದು ಬರೆದುಕೊಳ್ಳುತ್ತಿತ್ತು. ತಂತಿ ಸಂದೇಶದಲ್ಲಿ ‘ತಂದೆಯವರು ಹೋದರು’ ಎಂದು ಓದಿ ಅಳಲು ಕುಳಿತವನು ಮುಂದಿನ ‘ಮುಂಬಯಿಗೆ’ ಓದದೆ ಇದ್ದಂತೆ. ಇದನ್ನು ಹೇಳಿದ್ದು ನಾನೇ. ಕೊನೆಯ ಗುರುತು ಬರುವವರೆಗೆ ಕಾಯುವಂತೆ ಆ್ಯಪಿಗೆ ಕಲಿಸಿದ್ದು ಅವಳು. ಊರಲ್ಲಿ ಮಾತ್ರ ನಾನೇ ರಿಪೇರಿ ಮಾಡಿದೆನೆಂದು ಹೇಳಿಕೊಂಡು ತಿರುಗಿದೆ.

ಅಲ್ಲಿಂದ ಮೊದಲ ಪರೀಕ್ಷೆ ವಾಡಿಯಲ್ಲಿ. ಅಲ್ಲಿ ಬೇರೆಯದೇ ರೋಗ. ಫೋನು ‘ತಕ್ಕಡಿ ಸಿಕ್ಕಿತು’ ಅನ್ನುತ್ತದೆ, ಕೂಡಿಸುತ್ತೇನೆ ಅನ್ನುತ್ತದೆ, ಕಡಿದುಹೋಗುತ್ತದೆ. ಮತ್ತೆ ಸಿಕ್ಕಿತು, ಮತ್ತೆ ಕಡಿಯಿತು. ಒಮ್ಮೊಮ್ಮೆ ಸರಿಯಾಗಿ ಕೂಡಿ ನಾಲ್ಕು ಮಕ್ಕಳ ವಜನು ಚಂದಾಗಿ ಬರುತ್ತದೆ, ಐದನೆಯದಕ್ಕೆ ಮತ್ತೆ ಅದೇ ಗೋಳು.

“ಇಲ್ಲಿ ಸಿಮೆಂಟ್ ಮಷಿನ್ ಭಾಳ ಅವ. ರೈಲ್ವೆ ಲೈನ್ ಬ್ಯಾರೆ. ಹವಾದಾಗೇ ಗದ್ದಲ ಅದ” ಎಂದು ನಾನು ತೀರ್ಪು ಕೊಟ್ಟೆ.

ಶಹಾಬಾದಕ್ಕೆ ಹೋದೆವು. ಅಲ್ಲಿಯೂ ಹಾಗೇ. “ಕಲ್ಲಿನ ಗ್ವಾಡಿ, ಕಲ್ಲಿನ ಛತ್ತು. ಒಳಗ ಬಂದ ಸಿಗ್ನಲ್‌ಗೆ ಹೊರಗ ಹೋಗ್ಲಿಕ್ಕೆ ಹಾದಿಲ್ಲ” ಅಂದೆ. ಶೈಲಜಾ ತಕ್ಕಡಿಯನ್ನು ಅಂಗಳಕ್ಕೆ ತಂದಳು. ಅಂಗಳದಲ್ಲೂ ಕಡಿಯಿತು. “ಮಳಿ ಹವಾ, ನೀರ ತುಂಬ್ಯಾದ” ಅಂದೆ. ನನ್ನ ಬಳಿ ಕಾರಣಕ್ಕೆ ಎಂದೂ ಕೊರತೆ ಬಂದದ್ದಿಲ್ಲ.

ಸೇಡಂಗೆ ಹಿಂದಿರುಗಿ ಮೇಜಿನ ಮೇಲಿಟ್ಟರೆ ಎಲ್ಲವೂ ಬಂಗಾರ. ನೂರು ಸಲ ಕೂಡಿಸಿದರೆ ನೂರು ಸಲವೂ ಕೂಡುತ್ತಿತ್ತು. ಅವಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಬ್ಯಾಟರಿ ಬದಲಿಸಿದಳು, ಫೋನು ಬದಲಿಸಿದಳು, ತಕ್ಕಡಿಗಳನ್ನು ಅದಲುಬದಲು ಮಾಡಿದಳು. ಒಂದು ದಿನ ಶಹಾಬಾದದ ಅಂಗನವಾಡಿಯ ಕಟ್ಟೆಯ ಮೇಲೆ ಊಟದ ಡಬ್ಬಿ ತೆರೆದು, ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಹತ್ತು ನಿಮಿಷ ಹಾಗೇ ಕುಳಿತಳು. ಶೇಂಗಾ ಹಿಂಡಿಗೆ ಇರುವೆ ಮುತ್ತಿದ್ದೂ ಕಾಣಲಿಲ್ಲ.

“ಕಾಕಾ, ನನಗ ಈ ಕೆಲಸ ಬರಂಗಿಲ್ಲ ಕಾಣ್ತದ.”

“ನಾ ಇದೀನಲ್ಲ” ಅಂದೆ.

ಹೌದು, ನಾನಿದ್ದೆ. ಅದೇ ರೋಗವಾಗಿತ್ತು.

ಅದು ಗೊತ್ತಾದದ್ದು ಚಿತ್ತಾಪುರದಲ್ಲಿ. ಅಂಗನವಾಡಿಯ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕುಳಿತು, ಎಂದಿನಂತೆ ಫೋನಿನ ಬ್ಲೂಟೂತ್ ಪರದೆ ತೆರೆದು ಊರಿನವರ ಫೋನುಗಳ ಹೆಸರು ಓದುತ್ತಿದ್ದೆ. ಒಳಗಿನಿಂದ ಶೈಲಜಾ, “ಈಗ ಕೂಡಸ್ಲಿಕತ್ತೀನಿ” ಅಂದಳು. ನನ್ನ ಫೋನು, ‘ಈ ಸಾಧನದೊಂದಿಗೆ ಜೋಡಿಸಬೇಕೇ?’ ಎಂದು ಕೇಳಿತು. ಬೇಡ ಎಂದು ಒತ್ತಿದೆ. ಇಂಥವು ಹದಿನೆಂಟು ದಿನದಿಂದ ಬರುತ್ತಲೇ ಇದ್ದವು; ಯಾರೋ ಪಡ್ಡೆ ಹುಡುಗರ ಕಿತಾಪತಿ ಎಂದು ಒತ್ತಿ ಒತ್ತಿ ತಳ್ಳುತ್ತಿದ್ದೆ.

“ಕಡೀತು. ಮತ್ತೊಮ್ಮೆ ಕೂಡಸ್ತೀನಿ.”

ನನ್ನ ಫೋನು ಮತ್ತೊಮ್ಮೆ ಕೇಳಿತು.

ನನ್ನ ಕೈ ಅಲ್ಲೇ ನಿಂತಿತು. ವಾಡಿಯ ಪರೀಕ್ಷೆಯ ಮೊದಲ ದಿನ, ಶೈಲಜಾ ತನ್ನ ತಕ್ಕಡಿಗಳಿಗೆಲ್ಲ ‘ತುಲಾ’ ಎಂದು ಹೆಸರಿಟ್ಟದ್ದನ್ನು ನೋಡಿ, ನಾನು ನನ್ನ ಫೋನಿಗೂ ‘ತುಲಾ’ ಎಂದು ಹೆಸರಿಟ್ಟಿದ್ದೆ. ಎರಡು ತಕ್ಕಡಿ ಕಂಡು ಅವಳು ಕಕ್ಕಾಬಿಕ್ಕಿಯಾಗಲಿ, ಹತ್ತು ನಿಮಿಷ ನಕ್ಕು ಹೇಳೋಣ ಎಂದು. ಅಷ್ಟರಲ್ಲಿ ಯಾರೋ ಚಹಾಕ್ಕೆ ಕರೆದರು, ಹೋದೆ, ಮರೆತೆ. ಅವಳ ಆ್ಯಪು ‘ತುಲಾ’ ಎಂಬ ಹೆಸರು ಮೊದಲು ಎಲ್ಲಿ ಕಂಡಿತೋ ಅದರ ಕೈ ಹಿಡಿಯುತ್ತಿತ್ತು. ಅದು ತಕ್ಕಡಿಯೋ ಮುದುಕನೋ ಎಂದು ನೋಡುತ್ತಿರಲಿಲ್ಲ. ಸೇಡಂನ ಮೇಜಿನ ಬಳಿ ನಾನು ಇರುತ್ತಿರಲಿಲ್ಲ, ಅಲ್ಲಿ ಬಂಗಾರ. ನಾನು ಹೋದ ಕಡೆಯೆಲ್ಲ ಕಡಿತ.

ಹೇಳಬೇಕಾಗಿತ್ತು. ಬಾಯಿ ತೆರೆದೆ. ಒಳಗೆ ಶೈಲಜಾ ಮೊಣಕಾಲಿನ ಮೇಲೆ ಹಣೆ ಇಟ್ಟುಕೊಂಡು ಕುಳಿತಿದ್ದಳು. ಚಿತ್ತಾಪುರದ ಕಾರ್ಯಕರ್ತೆ, ಸಹಾಯಕಿ, ನಾಲ್ಕೈದು ತಾಯಂದಿರು ಎಲ್ಲರೂ ಇದ್ದರು. ಬಾಯಿ ಮುಚ್ಚಿದೆ. ಫೋನಿನ ಹೆಸರು ಬದಲಿಸಿ, ಜೇಬಿಗೆ ಹಾಕಿ, ಒಳಗೆ ಹೋಗಿ ತಕ್ಕಡಿಯನ್ನು ಬೋರಲು ಹಾಕಿ ಎರಡು ಸಲ ತಟ್ಟಿದೆ.

“ಈಗ ನೋಡು.”

ಕೂಡಿತು. ಹದಿನೇಳು ಮಕ್ಕಳ ವಜನು ಒಂದೂ ತಪ್ಪದೆ ಬಂತು. “ಏನ ಕೈಗುಣ ರೀ ಸಾಹೇಬ್ರದು” ಎಂದು ಅವರೆಲ್ಲ ಅಂದರು. ಚಹಾ ಕೊಟ್ಟರು, ಜೊತೆಗೆ ಮಿರ್ಚಿ ಭಜಿ. ತಿಂದೆ. ನನ್ನ ಆಯುಷ್ಯದಲ್ಲಿ ನಾಚಿಕೆಯಿಂದ ತಿಂದ ಭಜಿ ಅದೊಂದೇ, ಆದರೂ ನಾಲ್ಕು ತಿಂದೆ.

ಆದರೆ ಈ ಕಡಿತಕ್ಕಾಗಿ ಶೈಲಜಾ ಅಷ್ಟರಲ್ಲೇ ಒಂದು ಕೆಲಸ ಮಾಡಿಟ್ಟಿದ್ದಳು. ಸಂಪರ್ಕ ಕಡಿದು ಮತ್ತೆ ಕೂಡುವಾಗ, ಯಾವ ಕೂಸಿನ ಹೆಸರೂ ಒತ್ತಿರದ ಹೊತ್ತಿನಲ್ಲಿ ವಜನು ಬಂದರೆ ಮೊದಲು ಅದು ಕಳೆದುಹೋಗುತ್ತಿತ್ತು. ಈಗ ಅದನ್ನು ಬಂದ ಸಾಲಿನಲ್ಲೇ ಹಿಡಿದಿಟ್ಟುಕೊಂಡು, ಮುಂದೆ ಯಾವ ಹೆಸರು ಒತ್ತುತ್ತಾರೋ ಆ ಹೆಸರಿಗೆ ಹಚ್ಚುವಂತೆ ಮಾಡಿದ್ದಳು. ಒಂದೂ ವಜನು ಹಾಳಾಗಬಾರದು ಎಂದು. ಕಡಿತ ನಿಂತ ಮೇಲೂ ಅದನ್ನು ತೆಗೆಯಲಿಲ್ಲ. ಇರಲಿ, ಒಳ್ಳೆಯದೇ ಎಂದಳು. ಒಳ್ಳೆಯದೇ ಎಂದು ನಾನೂ ಅಂದೆ.

ಪುಷ್ಯ ಮಳೆಯಲ್ಲಿ ಐದನೇ ತಕ್ಕಡಿ ಸುಜಾತಾಳ ಹಳ್ಳಿಗೆ ಹೋಯಿತು. ಜೀಪು ಹೊರಡುವುದಕ್ಕೆ ಎಂಟು ದಿನ ಬಾಕಿ, ಸೋಮವಾರ. ಮೇಲ್ವಿಚಾರಕಿ ಮೇಡಂ ಕೂಡ ಬಂದಿದ್ದರು. ನಾನು ವ್ಯಾನಿನಲ್ಲಿ ಕುಳಿತು ಮಳೆ ನೋಡುತ್ತಿದ್ದೆ. ಶೈಲಜಾ ಒಳಕೋಣೆಯಲ್ಲಿ ಮೇಡಂ ಅವರ ಫೋನಿನೊಂದಿಗೆ ಗುದ್ದಾಡುತ್ತಿದ್ದಳು. ಹೊರಕೋಣೆಯಲ್ಲಿ ಸುಜಾತಾ ವಜನು ಮಾಡಿದಳು, ಹಸಿರು ಟಿಕ್ಕುಗಳು ಸಾಲಾಗಿ ಬಂದವು. ಪಟ್ಟಿ ಮೇಡಂ ಅವರ ಫೋನಿಗೆ ದಾಟಿತು. ಕೆಂಪಾಗಿ ಬಂದದ್ದು ಒಂದೇ ಹೆಸರು: ಆಕಾಶ. ಒಂಬತ್ತು ಬಿಂದು ಎಂಟು ಕಿಲೋ. ಭಾಗಮ್ಮನ ಮುಂದೆ ಹದಿಮೂರು ಬಿಂದು ನಾಲ್ಕು.

ಸುಜಾತಾ ಹೊರಗೆ ಬಂದು ನನ್ನ ಕಿಟಕಿಯ ಬಳಿ ನಿಂತಳು. “ಸಾಹೇಬ್ರ, ಇದು ಹೆಂಗ್ ಆಗ್ತದ್ರಿ? ಆಕಾಶಗ ಎತ್ಕೊಂಡ್ರ ನನ್ನ ಸೊಂಟ ಹಿಡೀತದ. ಆ ಪೋರಗ ಹಾಸಿಗಿ, ಈ ಪೋರಿಗ ಮನಿ?”

“ಸುಜಾತಾ ಅವರ, ನಿಮ್ಮ ಕೈಯಾಗ ಬ್ಯಾಟರಿ ಅದ ಏನ್ರಿ? ಮಷಿನ್‌ಗೆ ಮಾಯಾ ಮಮತಾ ಇರಂಗಿಲ್ಲ. ಇದ್ದಷ್ಟ ಹೇಳ್ತದ” ಅಂದೆ. ಅವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಆದರೆ ಶೈಲಜಾಗೆ ಆ ಮಾತು ಮುಳ್ಳಾಗಿ ಕೂತಿತು. ಆ ವಾರವಿಡೀ ಸೇಡಂನಲ್ಲಿ ಚೀಲಗಳನ್ನು ಇಟ್ಟು ತೆಗೆದು, ಇಟ್ಟು ತೆಗೆದು ನೋಡಿದಳು. ಎಲ್ಲ ಸರಿ. ಬೇರೆ ನಾಲ್ಕು ಊರಿನ ಅಂಕಿ ನೋಡಿದಳು. ಎಲ್ಲ ಸರಿ. ಕಡಿತವಾದರೂ ಆಗಿದ್ದರೆ ಹುಡುಕಲು ಒಂದು ಜಾಗವಿರುತ್ತಿತ್ತು. ಇದರಲ್ಲಿ ತಪ್ಪೇ ಕಾಣುವುದಿಲ್ಲ, ಕಾಣುವುದು ಒಬ್ಬ ಹೆಣ್ಣುಮಗಳ ಕೈ ಮಾತ್ರ. “ಅಂಕಿ ನಂಬ್ಲೋ, ಅವ್ರ ಕೈ ನಂಬ್ಲೋ ಕಾಕಾ?” ಎಂದು ನನ್ನನ್ನೇ ಕೇಳಿದಳು. ಅಂಕಿ ಎಂದೆ.

ಜೀಪು ಹೊರಡುವ ಹಿಂದಿನ ದಿನ, ಸೋಮವಾರ, ಮತ್ತೆ ಹೋದೆವು. ಅಂದು ಮಳೆ ಎಷ್ಟೆಂದರೆ ವ್ಯಾನಿನಲ್ಲಿ ಕೂರಲಾಗದೆ ನಾನೂ ಒಳಗೆ ಹೋದೆ. ಬಾಗಿಲಲ್ಲಿ ಆಕಾಶನ ತಾಯಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. “ನನ್ನ ಮಗಗ ಏನ ಕಮ್ಮಿ ಮಾಡೀನಿ ಅಂತ ದವಾಖಾನಿಗಿ ಒಯ್ತೀರಿ? ಮುಂಜಾನಿ ಎರಡ ರೊಟ್ಟಿ ತಿಂದಾನ. ನಿಮ್ಮ ಫೋನ್‌ಗೇ ಸಲಾಯಿನ್ ಹಚ್ರಿ” ಎಂದು ಬೈಯುತ್ತಿದ್ದಳು. ಆ ಗದ್ದಲಕ್ಕೆ ಮಕ್ಕಳೆಲ್ಲ ಅಳಲು ಶುರು ಮಾಡಿದವು. ಮೊದಲಿಗೆ ಸುಜಾತಾ ಮೂಲೆಯಿಂದ ಒಂದು ಗುಂಡುಕಲ್ಲು ಎತ್ತಿ ತಂದು ತಕ್ಕಡಿಯ ಮೇಲಿಟ್ಟಳು, ತೆಗೆದಳು. ನಾನು ಅದನ್ನು ನೋಡಿಯೂ ನೋಡಲಿಲ್ಲ. ಅಳುವ ಮಕ್ಕಳನ್ನು ನಗಿಸೋಣ ಎಂದು ಧೋತರ ಎತ್ತಿಕೊಂಡು ತಕ್ಕಡಿ ಹತ್ತಿ, ಕೋಳಿಯಂತೆ ಎರಡು ರೆಕ್ಕೆ ಬಡಿದು ಇಳಿದೆ. ಮಕ್ಕಳು ಅಳು ನಿಲ್ಲಿಸಿದವು. ಸುಜಾತಾ ಆಕಾಶನ ಹೆಸರು ಒತ್ತಿ ಅವನನ್ನು ಕೂಡಿಸಿದಳು. ಟಿಕ್ಕು. ಭಾಗಮ್ಮನ ಹೆಸರು ಒತ್ತಿ ಅವಳನ್ನು ಕೂಡಿಸಿದಳು. ಟಿಕ್ಕು.

ಇನ್ನೊಂದು ಫೋನಿನಲ್ಲಿ ಪಟ್ಟಿ ನೋಡುತ್ತಿದ್ದ ಶೈಲಜಾ, “ನಿಲ್ಸ್ರಿ” ಅಂದಳು.

“ಏನಾತು?”

“ಭಾಗಮ್ಮ ಎಪ್ಪತ್ತೆಂಟು ಕಿಲೋ ಅದಾಳ.”

ನನಗೆ ನಗು ತಡೆಯಲಾಗಲಿಲ್ಲ. ಸಹಾಯಕಿಯೂ ನಕ್ಕಳು. ಶೈಲಜಾ ನಗಲಿಲ್ಲ. “ಕಾಕಾ, ನೀವ್ ಎಷ್ಟ ಅದೀರಿ?”

“ಎಪ್ಪತ್ತೆಂಟು. ಮುಂಜಾನಿ ನಾಷ್ಟಾ ಬಿಟ್ಟು” ಅನ್ನುತ್ತಿದ್ದಂತೆ ನನ್ನ ನಗು ಇಂಗಿತು.

“ಆಕಾಶಂದು ಹೋದ ಸೋಮವಾರ ಒಂಬತ್ತು ಎಂಟು. ಇವತ್ತೂ ಒಂಬತ್ತು ಎಂಟು. ಒಂದ ಗುಂಜಿ ಆಚಿಲ್ಲ, ಈಚಿಲ್ಲ. ಸುಜಾತಾ ಅವರ, ಎಲ್ಲಕ್ಕಿಂತ ಮೊದಲ ಕಾಂಟಾದ ಮ್ಯಾಲ ಏನ ಇಟ್ಟಿದ್ರಿ?”

“ಕಲ್ಲು ಇಟ್ಟಿದ್ದೆ.”

“ಯಾಕ್ರಿ?”

“ಯಾಕಂದ್ರ? ಮೊದಲಿನ ವಜನ್ ಕೂಸಿಂದು ಮಾಡ್ತಾರೇನ್ರಿ? ದೃಷ್ಟಿ ಇದ್ರ ಕಲ್ಲಿಗಿ ಹೋಗ್ಲಿ ಅಂತ ಮೊದಲ ಕಲ್ಲು ತೂಗ್ತೀವಿ. ನಮ್ಮ ಅತ್ತಿ ಕಾಲದಿಂದ ಹಂಗೇ ಅದ. ಇಲ್ಲಂದ್ರ ಒಬ್ಬ ತಾಯೀನೂ ಕೂಸಿನ ಕೊಡಂಗಿಲ್ಲ.”

“ನೀವ್ ಹೇಳ್ಲೇ ಇಲ್ಲಲ್ರಿ.”

“ನೀವ್ ಕೇಳ್ಲೇ ಇಲ್ಲ. ಅಡಿಗಿ ಮಾಡಾಗ ಮೊದಲ ಒಲಿ ಹಚ್ತೀವಿ ಅಂತ ಯಾರರೆ ಹೇಳ್ಕೋತ ಕೂಡ್ತಾರೇನ್ರಿ?”

ಶೈಲಜಾ ನೆಲದ ಮೇಲೆ ಕುಳಿತಳು. ಹೋದ ಸೋಮವಾರ ಕಲ್ಲಿನ ವಜನು ಬಂದಾಗ ಯಾವ ಹೆಸರೂ ಒತ್ತಿರಲಿಲ್ಲ. ಆ್ಯಪು ಅದನ್ನು ಹಿಡಿದಿಟ್ಟುಕೊಂಡು ಮೊದಲ ಹೆಸರಾದ ಆಕಾಶನಿಗೆ ಹಚ್ಚಿತು. ಆಕಾಶನ ವಜನು ಅವನ ಹಿಂದಿನ ಭಾಗಮ್ಮನಿಗೆ ಹೋಯಿತು. ಭಾಗಮ್ಮನದು ಅವಳ ಹಿಂದಿನ ಒಂದು ವರ್ಷದ ಕೂಸಿಗೆ; ಆ ವಯಸ್ಸಿಗೆ ಅದು ಸರಿಯಾದ ವಜನು, ಅದಕ್ಕೇ ಕೆಂಪಾಗಲಿಲ್ಲ. ಹೀಗೆ ಎಲ್ಲ ಮಕ್ಕಳೂ ಒಬ್ಬರ ವಜನು ಒಬ್ಬರು ಹೊತ್ತುಕೊಂಡು ಕೂತಿದ್ದರು. ಈ ಸಲ ನಡುವೆ ನಾನು ಹತ್ತಿದ್ದರಿಂದ ಭಾಗಮ್ಮನಿಗೆ ನನ್ನ ಎಪ್ಪತ್ತೆಂಟು ಬಂದಿತ್ತು. ಶೈಲಜಾ ಆ್ಯಪು ಮುಚ್ಚಿ, ತೆರೆದು, ಭಾಗಮ್ಮನ ಹೆಸರು ಒತ್ತಿ, ಅವಳೊಬ್ಬಳನ್ನೇ ಕೂಡಿಸಿದಳು.

ಎಂಟು ಬಿಂದು ಒಂದು.

ಸುಜಾತಾ ಅಂಕಿ ನೋಡಿ ತಲೆಯಾಡಿಸಿದಳು, ಅಷ್ಟೆ. ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡಳು.

ಮೇಡಂ ಅಂದು ಸುಲೇಪೇಟದಲ್ಲಿದ್ದರು. ಕೆಸರಿನಲ್ಲಿ ವ್ಯಾನು ಎರಡು ಸಲ ಹೂತು, ಸಂಜೆ ನಾಲ್ಕಕ್ಕೆ ಮುಟ್ಟಿದೆವು. ಅವರು ಪಟ್ಟಿ ಮೇಲಕ್ಕೆ ಕಳಿಸಿ ಆಗಿತ್ತು.

“ಏನ್ ಹೇಳ್ಲಿಕತ್ತೀರಿ ನೀವು? ರಜಿಸ್ಟರ್ ಬಿಡ್ರಿ, ಫೋನ್ ನಂಬ್ರಿ ಅಂದವ್ರು ನೀವೇ.”

“ಹೌದ್ರಿ ಮೇಡಂ. ಇವತ್ತು ನಾನೇ ಹೇಳ್ಲಿಕತ್ತೀನಿ, ಆ ಊರಿನ ಅಂಕಿ ನಂಬಬ್ಯಾಡ್ರಿ. ತಪ್ಪು ನನ್ನ ಆ್ಯಪಿಂದು.”

“ಬರದು ಕೊಡ್ತೀರೇನು? ಬರದು ಕೊಟ್ರ ಮುಂದ ನಿಮಗ ಈ ಕೆಲಸ ಇರ್ತದೋ ಇಲ್ಲೋ ನಾ ಹೇಳಂಗಿಲ್ಲ.”

“ಕೊಡ್ತೀನ್ರಿ.”

ನಿಂತುಕೊಂಡೇ ಬರೆದಳು. ಕೂದಲಿಂದ ಮಳೆನೀರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು, ಅದನ್ನು ಸೆರಗಿನಿಂದ ಒತ್ತಿ ಒತ್ತಿ ಬರೆದಳು. ಮೇಡಂ ಓದಿದರು. ಆಕಾಶನ ಹೆಸರು ಹೊಡೆದುಹಾಕಿದರು. “ಜೀಪಿಗೆ ಹೊಸ ಹೆಸರು ಹಾಕ್ಲಿಕ್ಕೆ ಈಗ ನನ್ನ ಕೈಯಾಗಿಲ್ಲ. ಲೆಟರ್ ಕೊಡ್ತೀನಿ. ನಿಮ್ಮ ಗಾಡ್ಯಾಗ ಒಯ್ರಿ” ಎಂದು ಹೇಳಿ, ಲೆಟರ್ ಬರೆದು, ಸಹಿ ಮಾಡಿ, ಮುದ್ರೆ ಒತ್ತಿ ಕೊಟ್ಟರು.

ವ್ಯಾನಿಗೆ ಬಂದು ಕೂತೆವು. ಕೀಲಿ ಹಾಕಿದೆ, ಗಾಡಿ ಶುರು ಮಾಡಲಿಲ್ಲ. ತಪ್ಪು ತನ್ನದೆಂದು ಆ ಹುಡುಗಿ ಕಾಗದದ ಮೇಲೆ ಬರೆದದ್ದನ್ನು ನೋಡಿದ ಮೇಲೆ ಅವಳೆದುರು ನನ್ನ ಎಪ್ಪತ್ತೆಂಟು ಕಿಲೋವೂ ಹಗುರಾಗಿ ಕಂಡಿತು.

“ಶೈಲಾ, ವಾಡಿ, ಶಹಾಬಾದ, ಚಿತ್ತಾಪುರದಾಗ ಕಡೀತಿತ್ತಲ್ಲ, ಅದು ನಾನು.”

ಎಲ್ಲ ಹೇಳಿದೆ. ಫೋನಿಗೆ ಹೆಸರಿಟ್ಟದ್ದು, ಮರೆತದ್ದು, ಚಿತ್ತಾಪುರದಲ್ಲಿ ಗೊತ್ತಾದದ್ದು, ತಕ್ಕಡಿ ತಟ್ಟಿದ್ದು. ಆ ಕಡಿತ ಇಲ್ಲದಿದ್ದರೆ ವಜನು ಹಿಡಿದಿಡುವ ಕೆಲಸವನ್ನೇ ಅವಳು ಮಾಡುತ್ತಿರಲಿಲ್ಲ. ಅದಿಲ್ಲದಿದ್ದರೆ ಕಲ್ಲು ಕಲ್ಲಾಗಿಯೇ ಇರುತ್ತಿತ್ತು. ಇದನ್ನು ನಾನು ಹೇಳಬೇಕಾಗಲಿಲ್ಲ. ಅವಳೇ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

“ಎಷ್ಟ ದಿನ ಕಾಕಾ?”

“ಹದಿನೆಂಟು.”

“ಹದಿನೆಂಟು ದಿನ ನಾ ನನಗೇ ಬೈಕೊಂಡೀನಿ” ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಸೇಡಂ ಬಂತು. ಇಳಿದು ಬಾಗಿಲು ಮೆಲ್ಲಗೆ ಮುಚ್ಚಿ ಹೋದಳು. ದಬ್ಬೆಂದು ಹಾಕಿದ್ದರೆ ನನಗೆ ಒಳ್ಳೆಯದಿತ್ತು.

ಮಂಗಳವಾರ ಬೆಳಿಗ್ಗೆ ಸುಜಾತಾ, ರೇಣುಕಾ, ಭಾಗಮ್ಮ, ಶೈಲಜಾ ಎಲ್ಲರನ್ನೂ ಕೂಡಿಸಿಕೊಂಡು ಕಲಬುರಗಿಗೆ ಹೊರಟೆ. ದಾರಿಯುದ್ದಕ್ಕೂ ಹೆಸರು ಹೂ ಬಿಟ್ಟ ಹೊಲಗಳು, ಅಲ್ಲಲ್ಲಿ ನಿಂತ ನೀರು. ಅಂಥ ದಾರಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದ್ದು ಅದೇ ಮೊದಲು. ಸುಜಾತಾ ಎರಡು ಸಲ, “ಯಾಕ್ರಿ ಸಾಹೇಬ್ರ, ಹಲ್ಲು ನೋವೇನ್ರಿ?” ಎಂದು ಕೇಳಿದಳು.

ಅವಳ ಕೆಲಸ ಹೋಗಲಿಲ್ಲ, ಇನ್ನೆರಡು ತಿಂಗಳು ಕೊಟ್ಟರು. ಕಲ್ಲು ಇಡಬೇಡಿರೆಂದು ಅವಳು ಸುಜಾತಾಗೆ ಹೇಳಲಿಲ್ಲ, ಪಟ್ಟಿಯ ತಲೆಯ ಮೇಲೆ ‘ಕಲ್ಲು’ ಎಂದು ಒಂದು ಹೆಸರು ಸೇರಿಸಿದಳು. ತಕ್ಕಡಿಯನ್ನು ಹೆಸರಿನಿಂದಲ್ಲ, ಅದರೊಳಗಿನ ನಂಬರಿನಿಂದ ಗುರುತು ಹಿಡಿಯುವಂತೆ ತಿದ್ದಿದಳು. ಭಾಗಮ್ಮ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಒಂದು ಕಿಲೋಕ್ಕಿಂತ ಸ್ವಲ್ಪ ಹೆಚ್ಚು ತುಂಬಿಕೊಂಡು ಬಂದಳು, ಈಗ ಶಾಲೆಗೆ ಹೋಗುತ್ತಾಳೆ. ಇವೆಲ್ಲ ಆಮೇಲಿನ ಮಾತು. ಸುಲೇಪೇಟದಲ್ಲಿ ಬಸ್ಸು ಬಿಟ್ಟು ನಿಂತಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಮಂಗಳವಾರ, ಆಸ್ಪತ್ರೆಯ ವಾರ್ಡು.

ಸಿಸ್ಟರ್ ಕಾಗದ ನೋಡಿ, “ಕೂಸಿನ ಕೂಡಸ್ರಿ” ಎಂದು ತಕ್ಕಡಿ ತೋರಿಸಿದರು. ರೇಣುಕಾ ಭಾಗಮ್ಮನನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದಳು. “ಕೂಡಸ್ರಿ, ಹಿಂದ ಜನ ಅದ” ಅಂದರು ಸಿಸ್ಟರ್. ರೇಣುಕಾ ಹೆಜ್ಜೆ ಎತ್ತಲಿಲ್ಲ. ಅವಳ ಕಣ್ಣು ನೆಲದ ಮೂಲೆ ಮೂಲೆ ನೋಡುತ್ತಿದ್ದವು. ತೊಳೆದ ಫರಸಿ, ಒಂದು ಬಕೆಟ್ಟು, ಬೇರೇನೂ ಇರಲಿಲ್ಲ. ಬಾಯಿಬಿಟ್ಟು ಕೇಳುವ ಧೈರ್ಯವೂ ಅವಳಿಗಿರಲಿಲ್ಲ.

ನಾನು ಮುಂದೆ ಹೋಗಿ, ಡಬ್ಬಿ, ಛತ್ರಿ ಎಲ್ಲ ಇದ್ದ ನನ್ನ ಕೈಚೀಲವನ್ನು ತಕ್ಕಡಿಯ ಮೇಲೆ ಇಟ್ಟೆ.

“ಏನ್ರಿ ಯಜಮಾನ್ರ, ಈ ವಯಸ್ಸಿನಾಗ ಚಾಷ್ಟಿ ಮಾಡ್ತೀರಿ? ಇದು ಕೂಸುಗಳ ಕಾಂಟಾ. ತೆಗೀರಿ ಅದನ್ನ” ಎಂದು ಸಿಸ್ಟರ್ ಗದರಿದರು. ಸಾಲಿನಲ್ಲಿದ್ದವರು ನಕ್ಕರು. ನಾನು ಚೀಲ ಎತ್ತಿಕೊಂಡೆ. ರೇಣುಕಾ ಆಗ ಮುಂದೆ ಬಂದು ಭಾಗಮ್ಮನನ್ನು ಕೂಡಿಸಿದಳು.

ಸುಲೇಪೇಟದಿಂದ ನನ್ನೆದುರು ಬಾಯಿ ಬಿಡದಿದ್ದ ಶೈಲಜಾ ನನ್ನ ಪಕ್ಕಕ್ಕೆ ಬಂದು ನಿಂತಳು.

“ಸಿಸ್ಟರ್, ಕಾಕಾರು ಇಟ್ಟಿದ್ದು ಬರ್ಕೋಬ್ಯಾಡ್ರಿ” ಅಂದಳು. “ಎರಡನೇದು ಬರ್ಕೋರಿ.”